ಗ್ರೂಪಿನ ಲತಾಮಣಿ

ಪದ್ಮನಾಭನಗರದ ಆ ಕುರುಕಲು ತಿಂಡಿಯ ಕಾರ್ಖಾನೆಯಲ್ಲಿ, ಕೆಲಸದವರ ನಡುವೆ ಬಾಂಧವ್ಯ ಬೆಳೆಯಲಿ ಎಂದು ವಾಟ್ಸಾಪ್ ಗ್ರೂಪ್ ಮಾಡಿದವಳು ಮ್ಯಾನೇಜರ್ ಕಾತ್ಯಾಯಿನಿ. ಬಾಣಲೆಯ ಹತ್ತಿರ ಯಾರೂ ಫೋನ್ ತರಕೂಡದೆಂದು ಬೋರ್ಡು ಹಾಕಿಸಿದವಳೂ ಅವಳೇ. ಕರೆಯುವವಳೂ ತಾನೇ, ಬಾಗಿಲು ಹಾಕುವವಳೂ ತಾನೇ ಎಂಬುದು ಅವಳಿಗೆ ಹೊಳೆಯಲಿಲ್ಲ, ಯಾಕೆಂದರೆ ಗ್ರೂಪ್ ಜೋರಾಗಿಯೇ ನಡೆಯುತ್ತಿತ್ತು.

ಅದರಲ್ಲೂ ಲತಾಮಣಿ. ಚಕ್ಕುಲಿ ಒತ್ತುವ ಈ ಹೆಂಗಸು ಎದುರಿಗೆ ಸಿಕ್ಕರೆ ಹೂಂ, ಉಹೂಂ ಬಿಟ್ಟು ಬೇರೆ ಮಾತಿಲ್ಲ. ಗ್ರೂಪಿನಲ್ಲಿ ಮಾತ್ರ ಅರಳು ಹುರಿದ ಹಾಗೆ ಮಾತು! ಒಗಟು ಹಾಕುವುದೇನು, ಹುಟ್ಟುಹಬ್ಬಕ್ಕೆ ಪ್ರಾಸ ಕಟ್ಟುವುದೇನು, ಮುನಿಸಿಕೊಂಡವರನ್ನು ನಗಿಸುವುದೇನು. ಮೂಕಿಯಂತಿದ್ದವಳಿಗೆ ತಾನು ಬಾಯಿ ಬರಿಸಿದೆನೆಂದು ಕಾತ್ಯಾಯಿನಿ ಒಳಗೊಳಗೇ ಬೀಗುತ್ತಿದ್ದಳು. ಯುಗಾದಿಗೆ ಎಲ್ಲರೆದುರು ಅವಳಿಗೊಂದು ಸೀರೆ ಕೊಟ್ಟು, ಒಂದು ಒಗಟು ಹೇಳೆಂದಳು. ಲತಾಮಣಿ ತಲೆ ತಗ್ಗಿಸಿದಳು.

“ಅದು ನಮ್ಮೆಜಮಾನ್ರು ಮೇಡಂ. ಫೋನು ಇಲ್ಲಿಗೆ ತರಂಗಿಲ್ವಲ್ಲ, ಅವ್ರ ಹತ್ರಾನೇ ಇರತ್ತೆ.”

ಗಂಡ ಪಾಪಯ್ಯ ಆಟೋ ಓಡಿಸುತ್ತಿದ್ದವನು. ಲಕ್ವ ಹೊಡೆದ ಮೇಲೆ ಗಿರಿನಗರದ ಒಂದು ಕೋಣೆಯಲ್ಲಿ ಮಂಚ ಹಿಡಿದಿದ್ದ. ಮಾತು ತೊದಲು, ಎಡಗೈ ಹೆಬ್ಬೆರಳು ಮಾತ್ರ ಚುರುಕು. ವಿಚಾರಿಸಿದರೆ ಉಳಿದವರ ಕಥೆಯೂ ಹೆಚ್ಚುಕಮ್ಮಿ ಇದೇ. ದಿನವೂ ಹೂವಿನ ಚಿತ್ರ ಕಳಿಸುತ್ತಿದ್ದದ್ದು ಯಾರದೋ ಅತ್ತೆ. ಅಂತೂ ಕೆಲಸದವರನ್ನು ಬಿಟ್ಟು ಅವರ ಮನೆಯವರೆಲ್ಲ ಬಾಂಧವ್ಯ ಬೆಳೆಸಿಕೊಂಡಿದ್ದರು.

ಇದು ಕಿವಿಗೆ ಬಿದ್ದಾಗ ಮಾಲೀಕ ಭಾರ್ಗವರು ನಗಲಿಲ್ಲ. ಹೊರಗಿನವರನ್ನೆಲ್ಲ ಗ್ರೂಪಿನಿಂದ ತೆಗೆಯಿರಿ, ಮೊದಲು ಆ ಪಾಪಯ್ಯನನ್ನು ಎಂದರು. ಸುದ್ದಿ ಕೇಳಿದ ಲತಾಮಣಿ ಅಂದು ತಾನಾಗಿಯೇ ಬಂದು ಸೀರೆಯನ್ನು ಮೇಜಿನ ಮೇಲಿಟ್ಟಳು.

“ಸೀರೆ ಬ್ಯಾಡ ಮೇಡಂ. ಅವ್ರನ್ನ ಅಲ್ಲೇ ಬಿಡಿ. ಸಂಜೆ ನಾನು ಮನೆಗೋದ್ರೆ, ‘ನಮ್ಮ ಫ್ಯಾಕ್ಟ್ರೀಲಿ ಇವತ್ತೇನಾಯ್ತು ಗೊತ್ತಾ’ ಅಂತ ನಂಗೇ ಹೇಳ್ತಾರೆ.”

ಕಾತ್ಯಾಯಿನಿ ಸೀರೆಯನ್ನು ಅವಳ ಕೈಗೇ ಕೊಟ್ಟಳು. ಮಾತು ಕೊಡಲು ಮಾತ್ರ ಧೈರ್ಯವಾಗಲಿಲ್ಲ. ಮಾಲೀಕರ ಮಾತು ಮೀರಿ ಅವಳಿಗೆ ಅಭ್ಯಾಸವಿರಲಿಲ್ಲ.

ಮರುದಿನ ಬೆಳಗ್ಗೆ, ಆ ನಂಬರನ್ನು ತೆಗೆಯಲೆಂದು ಕೂತಾಗ ಅದೇ ನಂಬರಿನಿಂದ ಒಂದು ಸಂದೇಶ ಬಂತು.

“ಮೇಡಂ, ನಾನು ಪಾಪಯ್ಯ. ನನ್ನ ತೆಗೀತೀರಂತೆ, ತೆಗೀರಿ. ಅದಕ್ಕೆ ಮುಂಚೆ ಒಂದು ಮಾತು. ಲತಾಮಣಿಗೆ ಮಂಡಿ ಊದ್ಕೊಂಡಿದೆ. ನಿಂತು ಒತ್ತೋಕಾಗ್ತಿಲ್ಲ. ನೀವು ಕೇಳಿದ್ರೂ ಅವಳು ಹೇಳಲ್ಲ.”

ಕಾತ್ಯಾಯಿನಿ ಎದ್ದು ಒಳಗೆ ಹೋದಳು. ಲತಾಮಣಿ ಗೋಡೆಗೆ ಒರಗಿ, ಒಂದೇ ಕಾಲಿನ ಮೇಲೆ ಭಾರ ಹಾಕಿ ಚಕ್ಕುಲಿ ಒತ್ತುತ್ತಿದ್ದಳು. ದಿನವೂ ಅವಳ ಪಕ್ಕದಲ್ಲೇ ಓಡಾಡಿದ್ದೇನಲ್ಲ, ನನ್ನ ಕಣ್ಣಿಗೇನಾಗಿತ್ತು ಎಂದು ಕಾತ್ಯಾಯಿನಿಗೆ ಸಂಕಟವಾಯಿತು. ತನ್ನ ಕುರ್ಚಿಯನ್ನು ಎಳೆದು ತಂದು ಅವಳನ್ನು ಕೂರಿಸಿದಳು. ಆಮೇಲೆ ಭಾರ್ಗವರಿಗೆ ಫೋನ್ ಮಾಡಿದಳು.

“ಸಾರ್, ಪಾಪಯ್ಯನವರನ್ನ ನಾನು ತೆಗೆಯಲ್ಲ. ಈ ಗ್ರೂಪ್ ಯಾತಕ್ಕೆ ಮಾಡಿದ್ವೋ, ಆ ಕೆಲಸ ಮಾಡಿದ್ದು ಅವರೊಬ್ರೇ.”