ಸಿದ್ದಲಿಂಗಪ್ಪನ ಖೋಲಿ

ಕೃಷ್ಣಾಜಿ ಮುಕಾದಮನ ಬಾಯಿಗೆ ಮಣ್ಣ ಬೀಳಲಿ, ಅಂವ ಆವತ್ತು ಮಾಡಿದ್ದು ನೆನಸಿದರ ಈಗೂ ಮೈ ಉರೀತದ. ಜರ್ಮನ್ ಯುದ್ಧದ ಕಾಲ. ಪುಣೆಯ ಸ್ವಾರಗೇಟಿನ ಹತ್ತಿರ ಏಕನಾಥ ಶೇಟನ ಗಾಡಿ ಕಾರಖಾನಿಯೊಳಗ ಪಲಟಣದ ಗಾಡಿ ಗಾಲಿಗಳಿಗೆ ಹಗಲೆಲ್ಲ ಕಬ್ಬಿಣದ ಹಳಿ ಬಡೀತಿದ್ದರು. ಧಾರವಾಡ ಕಡಿಯಿಂದ ಹೋದ ಸಿದ್ದಲಿಂಗಪ್ಪ ಅಲ್ಲಿ ಘಣ ಎತ್ತಾಂವ. ಘಣ ಅಂದರ ಸಣ್ಣ ಸುತ್ತಿಗಿ ಅಲ್ಲಪಾ, ಎರಡೂ ಕೈಲೆ ಎತ್ತಬೇಕು. ಅಂಥಾ ಗಂಡಸಿನ ಹೊಟ್ಟಿಯೊಳಗ ಗಂಟು ಬೆಳೀತು. ದವಾಖಾನಿ ಡಾಕ್ಟರ ಒತ್ತಿ ನೋಡಿ, "ಇದಕ್ಕ ಔಷಧ ಇಲ್ಲ, ಮಳಿಗಾಲ ಕಾಣೂದಿಲ್ಲ ನೀ" ಅಂತ ಮಾರಿಗೇ ಹೇಳಿಬಿಟ್ಟ.

ಸಾಯಲಿಕ್ಕೆ ಸಿದ್ದಲಿಂಗಪ್ಪ ಅಂಜಲಿಲ್ಲ. ಅಂಜಿದ್ದು ಗಂಡ-ಹೆಂಡತಿ ಇದ್ದ ಖೋಲಿ ಸಲುವಾಗಿ. ಕಾರಖಾನಿ ಹಿಂದ ಕೆಲಸಗಾರರು ಇರೂ ಚಾಳು ಶೇಟಂದು. ಅಲ್ಲಿಯ ರಿವಾಜ ಹಿಂಗಿತ್ತು: ಕೆಲಸದ ಮ್ಯಾಲೆ ಇದ್ದಾಗ ಸತ್ತರ ಖೋಲಿ ಹೆಂಡತಿಗೆ, ಕುಲುಮಿಯ ತಿದಿ ಒತ್ತೂ ಕೆಲಸಾನೂ ಆಕಿಗೇ. ಜೀವ ಇದ್ದಾಗ ಕೆಲಸ ಹೋತೋ, ಖೋಲೀನೂ ಹೋತು. ಹೆಂಡತಿ ಶಿವಬಸವ್ವಗ ತವರಿಲ್ಲ, ಮಕ್ಕಳಿಲ್ಲ, ಬೀದಿ ಒಂದ ಗತಿ. ಜೋಡಿ ಬಡಿಯೂ ರಾಘಣ್ಣ ಪುಣ್ಯಾತ್ಮ. "ನೀ ತಿದಿ ಒತ್ತು ಮಾವಾ, ನಿನ್ನ ಪಾಲಿನ ಏಟೂ ನಾನಽ ಹಾಕತೀನಿ" ಅಂದ. ಕೆಲಸಗಾರರ ಮ್ಯಾಲಿನ ಮುಕಾದಮ ಕೃಷ್ಣಾಜಿಗೆ ಇದು ಕಣ್ಣಾಗಿನ ಕಸ ಆತು. ಅವನ ಅಕ್ಕನ ಮಗ ಊರಿಂದ ಬಂದು ಕೂಳ ತಿಂತ ಕುಂತಿದ್ದ, ಅವಗ ಆ ಜಾಗಾ ಬೇಕಾಗಿತ್ತು.

ಒಂದಿನ ಮಧ್ಯಾಹ್ನ ಶೇಟ ಬಂದ. ರಾಘಣ್ಣ ದೂರದ ಪ್ಯಾಟಿಗೆ ಇದ್ದಲಿ ತರಲಿಕ್ಕೆ ಹೋಗಿದ್ದ, ಬರೂದು ಸಂಜಿಗೇ. ಶೇಟನ ಕಾಲ ಮುಂದನ ಸಿದ್ದಲಿಂಗಪ್ಪ ರಕ್ತ ಕಾರಿ ಎಚ್ಚರ ತಪ್ಪಿದ. ಶಿವಬಸವ್ವ ಆಗಷ್ಟ ರೊಟ್ಟಿ ಬುತ್ತಿ ತಂದಿದ್ದಳು. ಶೇಟ ಮೂಗಿಗೆ ಧೋತರದ ಚುಂಗ ಹಿಡಕೊಂಡು ಕೃಷ್ಣಾಜಿಗೆ, "ಯಾಲಾ ಕಾಢಾ!" ಅಂದ.

ಶಿವಬಸವ್ವ ಪುಣೆಗೆ ಬಂದು ವರ್ಷ ಆಗಿರಲಿಲ್ಲ, ಆಕಿಗೆ ಎಲ್ಲಿ ಮರಾಠಿ? ನಮ್ಮ ಕಡಿ ಕಾಢಾ ಅಂದರ ಶುಂಠಿ ಮೆಣಸು ಕುದಿಸಿದ ಕಷಾಯ. ಗಂಡಗ ಶೇಟ ಕಾಢಾ ಕೊಡಸ್ತಾನ ಅಂತ ತಿಳಕೊಂಡು ಓಡಿ ಹೋಗಿ ಅವನ ಕಾಲು ಹಿಡದಳು. "ನಿಮ್ಮ ಹೊಟ್ಟಿ ತಣ್ಣಗಿರಲಿ ಧಣ್ಯಾರ!" ಶೇಟ ಏನೂ ತಿಳೀದ ಕಾಲು ಹಿಂದಕ್ಕ ತಗೊಂಡು ನಡದ. ಪಾಪ, ಆಕಿ ಗಂಡನ್ನ ಖೋಲಿಯೊಳಗ ಮಲಗಿಸಿ, ಸಂಜಿತನಕ ಕಾಢಾದ ದಾರಿ ಕಾದಳು.

ಸಂಜಿಗೆ ಕೃಷ್ಣಾಜಿ ತನ್ನ ಕೈಕೆಳಗಿನ ಇಬ್ಬರು ಆಳು ಗಡ್ಯಾಗಳನ್ನ ಕಟಗೊಂಡು ಬಂದ. ಶಿವಬಸವ್ವ ತಂಬಿಗಿ ಒಡ್ಡಿ ನಿಂತಳು. "ಬರ್ರಿ ಅಣ್ಣಾರ, ಇದರಾಗ ಹಾಕ್ರಿ."

"ಏನು ಹಾಕಬೇಕು?"

"ಕಾಢಾ ರೀ. ಧಣ್ಯಾರು ಹೇಳಿದರಲ್ಲ."

ಕೃಷ್ಣಾಜಿಗೆ ಕನ್ನಡ ಬರತಿತ್ತು, ಬಿದ್ದು ಬಿದ್ದು ನಕ್ಕ. "ಹುಚ್ಚಿ! ಮರಾಠಿಯೊಳಗ ಕಾಢಾ ಅಂದರ ತಗದ ಹಾಕು ಅಂತ. ನಿನ್ನ ಗಂಡನ್ನ ಕೆಲಸದಿಂದ ತಗದಾರ." ತಂಬಿಗಿಗೆ ಒದ್ದ. ಗಡಿಗಿ, ಹಾಸಿಗಿ ಅಂಗಳಕ್ಕ ಬಿದ್ದವು. ಸಾಯೂ ಮನಶಾನ ಕಾಲು ಹಿಡಿದು ಎಳದರು, ಹೊಸ್ತಿಲಕ್ಕ ತಲಿ ಬಡದು ರಕ್ತ ಚಿಮ್ಮಿತು. ಶಿವಬಸವ್ವ ಒಬ್ಬನ ತೋಳು ಕಚ್ಚಿದಳು. ಕೃಷ್ಣಾಜಿ ಆಕಿ ತುರುಬು ಹಿಡದು ಗ್ವಾಡಿಗೆ ಬಡದ, ಹಲ್ಲು ಮುರದು ಬಾಯಿ ತುಂಬ ರಕ್ತ. ಅಷ್ಟರೊಳಗ ಬಂದ ರಾಘಣ್ಣ ಇದ್ದಲಿ ಚೀಲ ಒಗದು ಗಡ್ಯಾಗಳ ಮ್ಯಾಲೆ ಬಿದ್ದ. ಒಬ್ಬನ ಮೂಗು ಒಡೀತು, ರಾಘಣ್ಣನ ಎರಡು ಪಕ್ಕೆಲುಬು ಮುರದವು.

ಸಿದ್ದಲಿಂಗಪ್ಪಗ ಎಚ್ಚರ ಬಂತು. ಉಳಿದ ತಟಗ ಉಸುರಿನೊಳಗ ಹೆಂಡತಿಗೆ ಹೇಳಿದ. "ಕುಲುಮಿಗೆ ಒಯ್ಯಿ ನನ್ನ. ಘಣ ಕೊಡು."

ಆಕಿಗೆ ತಿಳೀತು. ಬಗಲಾಗ ಕೈ ಹಾಕಿ ಎಳಕೊಂಡು ಕಾರಖಾನಿಗೆ ಒಯ್ದಳು. ಹಳಿ ಬಡಿಯೂ ಅಡಿಗಲ್ಲಿಗೆ ಆನಿಸಿ ಕೂಡಿಸಿ, ಅವನ ಬೆರಳು ಒಂದೊಂದ ಘಣದ ಕಟಗಿ ಕಾವಿಗೆ ಸುತ್ತಿದಳು. ಕೃಷ್ಣಾಜಿ ಹಿಂದನ ಬಂದು ಆ ಬೆರಳ ಮ್ಯಾಲೆ ಕಾಲಿಟ್ಟ. ಕಟಕ್ ಅಂತ ಸಪ್ಪಳಾತು. ಶಿವಬಸವ್ವ ಕುಲುಮಿಯೊಳಗಿನ ಕೆಂಪನ್ನ ಕಬ್ಬಿಣದ ಸಳಿ ಇಕ್ಕಳದಲೆ ಎಳದು ಕೃಷ್ಣಾಜಿಯ ಕಾಲಿನ ಮೀನಗಂಡಕ್ಕ ಒತ್ತಿ ಹಿಡದಳು. ತೊಗಲು ಸುಟ್ಟ ವಾಸನಿ ಎದ್ದಿತು. ಅಂವ ಚೀರಿಕೋತ ಬಿದ್ದ. ಅವನ ಚೀರಾಟ ಕೇಳಿ ಆಕಿಗೆ ಭಾಳ ಸಮಾಧಾನ ಆತು, ಸುಳ್ಳ ಯಾಕ ಹೇಳಬೇಕು?

ಸಿದ್ದಲಿಂಗಪ್ಪ ಮುರಿದ ಬೆರಳಲೇ ಘಣ ಒಂದ ಗೇಣು ಎತ್ತಿ, ಅಡಿಗಲ್ಲ ಮ್ಯಾಲಿನ ಹಳಿ ಮ್ಯಾಲೆ ಹಾಕಿದ. ಮತ್ತ ಎತ್ತಲಿಕ್ಕೆ ಆಗಲಿಲ್ಲ. ಹಳಿ ಮ್ಯಾಲನ ಒರಗಿ ಜೀವ ಬಿಟ್ಟ.

ಗದ್ದಲ ಕೇಳಿ ಶೇಟ ಬಂದ. ಕೃಷ್ಣಾಜಿ ಬಿದ್ದಲ್ಲಿಂದನ ಒದರಿದ, "ಮಧ್ಯಾಹ್ನನಽ ತಗದೀವಿ ಇವನ್ನ!"

ರಾಘಣ್ಣ ಪಕ್ಕಿ ಹಿಡಕೊಂಡು ಶೇಟನ ಎದುರಿಗೆ ನಿಂತು ಮರಾಠಿಯೊಳಗ ಕೇಳಿದ. "ಸತ್ತಾಂವ ಎಲ್ಲಿ ಕುಂತಾನ ನೋಡ್ರಿ. ಕೈಯಾಗ ಏನದ ನೋಡ್ರಿ. ಇದು ಕೆಲಸದ ಮ್ಯಾಲಿನ ಸಾವು ಹೌದೋ ಅಲ್ಲೋ?"

ಹಿಂದ ಕಮ್ಮಾರರೆಲ್ಲ ನೆರೆದಿದ್ದರು. ಒಬ್ಬರೂ ಕೈಯಾಗಿನ ಸುತ್ತಿಗಿ ಕೆಳಗ ಇಟ್ಟಿರಲಿಲ್ಲ. ಶೇಟ ಅವರ ಮಾರಿ ನೋಡಿದ, ಸುತ್ತಿಗಿ ನೋಡಿದ. "ಹೌದು. ಖೋಲಿ ಆಕೀದು" ಅಂದ. ರಾಘಣ್ಣ ಅದನ್ನ ಶಿವಬಸವ್ವಗ ಕನ್ನಡದಾಗ ಹೇಳಿದ.

"ಎಲ್ಲಾರೂ ಕೇಳಿದಿರಿಲ್ಲೋ?" ಅಂತ ಶಿವಬಸವ್ವ ಸುತ್ತೂ ನೋಡಿದಳು. ಕೇಳಿದೆವು ಅಂದರು. ಆಗ ಇಕ್ಕಳ ಚೆಲ್ಲಿ ಗಂಡನ ಮ್ಯಾಲೆ ಬಿದ್ದಳು. "ಇನ್ನ ಅಳತೀನೋ ನನ್ನ ದೊರೀ, ಇಷ್ಟೊತ್ತು ಪುರಸೊತ್ತು ಸಿಗಲಿಲ್ಲೋ" ಅಂತ ಬಾಯಿ ಬಾಯಿ ಬಡಕೊಂಡಳು.