ಮುನಿಯಲ್ಲಮ್ಮನ ಐದು ನಿಮಿಷ

ನಾನು ಗಂಗರತ್ನಮ್ಮ. ಕ್ಯಾಲನೂರಿನಿಂದ ಮೂರು ಕಿಲೋಮೀಟರು ಒಳಗೆ ಬಂದರೆ ನಮ್ಮೂರು. ಅಲ್ಲಿನ ಡೇರಿಯಲ್ಲಿ ಹಾಲು ಅಳೆಯುವವಳು ನಾನು. ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ಇಡೀ ಊರು ಕ್ಯಾನು ಹಿಡಿದು ನನ್ನ ಮುಂದೆ ಸಾಲು ನಿಲ್ಲುತ್ತದೆ. ಯಾರ ಹಾಲಿನಲ್ಲಿ ನೀರಿದೆ, ಯಾರಿಗೆ ಯಾರ ಜೊತೆ ಮಾತಿಲ್ಲ, ಎಲ್ಲ ನನಗೆ ಗೊತ್ತು. ಹಾಗಾಗಿ ಮುನಿಯಲ್ಲಮ್ಮಕ್ಕನ ಕಥೆಯನ್ನು ನಾನೇ ಹೇಳಬೇಕು.

ಅಕ್ಕ ರೇಷ್ಮೆ ಹುಳ ಸಾಕುತ್ತಾಳೆ. ಅವಳ ಹಿಪ್ಪುನೇರಳೆ ತೋಟದ ಬದುವಿಗೆ ಅಂಟಿಕೊಂಡೇ ಆಂಜಿನಪ್ಪಣ್ಣನ ಟೊಮ್ಯಾಟೊ ತೋಟ. ಅವನು ಔಷಧಿ ಹೊಡೆಯುವಾಗ ಗಾಳಿ ಈಚೆ ಬೀಸಿದರೆ ಮುಗಿಯಿತು, ಔಷಧಿ ಬಂದು ಸೊಪ್ಪಿನ ಮೇಲೆ ಕೂರುತ್ತದೆ. ಗೊತ್ತಿಲ್ಲದೆ ಆ ಸೊಪ್ಪು ಹಾಕಿದರೆ ಹುಳ ಸಾಯುತ್ತದೆ. ಹೀಗೆ ಎರಡು ಬೆಳೆ ಹೋಯಿತು. ಅಕ್ಕನ ಗಂಡ ಮುನಿಶಾಮಿ ಭಾವ ಖಡಾಖಂಡಿತವಾಗಿ ಹೇಳಿಬಿಟ್ಟರು.

“ಇನ್ನೊಂದ್ ಬೆಳೆ ನೋಡ್ತೀನಿ. ಅದೂ ಹೋದ್ರೆ ತೋಟಕ್ಕೆ ಜೆಸಿಬಿ ತರ್ಸಿ ಕೀಳ್ಸೋದೇ.”

ಅಕ್ಕ ಊರಿನ ಮುಂದೆ ಹೇಳಿಕೊಳ್ಳಲಿಲ್ಲವೇ ಅಂತ ಕೇಳಬೇಡಿ. ಹೇಳಿಕೊಂಡಳು! ಹೋದ ಗ್ರಾಮಸಭೆಯಲ್ಲಿ ಅವಳಿಗೆ ಐದು ನಿಮಿಷ ಕೊಟ್ಟಿದ್ದರು. ರಿಟೈರ್ ಆದ ಕೋದಂಡರಾಮಪ್ಪ ಮೇಷ್ಟ್ರು ನಾಲ್ಕು ಹಾಳೆ ಭಾಷಣ ಬರೆದುಕೊಟ್ಟಿದ್ದರು. “ವೇದಿಕೆಯನ್ನು ಅಲಂಕರಿಸಿರುವ ಮಾನ್ಯ ಅಧ್ಯಕ್ಷರೇ” ಅಂತ ಶುರುವಾಯಿತು. ಆಮೇಲೆ ಉಪಾಧ್ಯಕ್ಷರು, ಒಬ್ಬೊಬ್ಬರೇ ಸದಸ್ಯರು, ಪಿಡಿಒ, ಬಿಲ್ ಕಲೆಕ್ಟರು, ವಾಟರ್‌ಮ್ಯಾನು. ಶಾಮಿಯಾನ ಕಟ್ಟಿದವನನ್ನೂ ಬಿಡಲಿಲ್ಲ. ರೇಷ್ಮೆ ಅನ್ನುವ ಮಾತು ಬರುವ ಹೊತ್ತಿಗೆ ಚಿತ್ರಾನ್ನದ ಪಾತ್ರೆಯ ಮುಚ್ಚಳ ತೆಗೆದರು. ಸಭೆಗೆ ಸಭೆಯೇ ಎದ್ದು ಹೋಯಿತು. ಅಕ್ಕನಿಗೆ ಸಿಟ್ಟು ನೆತ್ತಿಗೇರಿ, “ನಮ್ ಹೊಟ್ಟೆ ಮೇಲೆ ಹೊಡೆದೋರು ಉದ್ಧಾರ ಆಗಲ್ಲ” ಅಂದು ಮೈಕು ಕುಕ್ಕಿ ಇಳಿದಳು. ಅವತ್ತಿನಿಂದ ಆಂಜಿನಪ್ಪಣ್ಣ ಡೇರಿ ಸಾಲಿನಲ್ಲಿ ಅವಳ ಮುಖ ನೋಡುವುದನ್ನೇ ಬಿಟ್ಟ.

ಈಗ ಮತ್ತೆ ಗ್ರಾಮಸಭೆ ಬಂತು. ಇನ್ನು ಹನ್ನೆರಡು ದಿನ. ಅಕ್ಕನ ಮನೆಗೆ ಹೊಸ ಚಾಕಿ ಹುಳ, ಅಂದರೆ ಮರಿಹುಳ, ಆಗಷ್ಟೇ ಬಂದಿತ್ತು. ನಮ್ಮ ಸಂಘದ ವಾಣಿಶ್ರೀ ನನ್ನನ್ನೂ ಕರೆದುಕೊಂಡು ಅಕ್ಕನ ಮನೆಗೆ ಹೋದಳು. ವಾಣಿಶ್ರೀ ನಮ್ಮೂರ ಕೃಷಿ ಸಖಿ. ಊರೂರು ತಿರುಗಿ ರೈತರಿಗೆ ಮಾಹಿತಿ ಹೇಳುವುದೇ ಅವಳ ಕೆಲಸ.

“ಅಕ್ಕಾ, ಈ ಸಲಾನೂ ನೀನೇ ಮಾತಾಡ್ಬೇಕು.”

“ಅಯ್ಯೋ ದೇವುಡಾ! ಒಂದ್ ಸಲ ಮಾನ ಹೋಗಿದ್ದು ಸಾಲ್ದಾ? ನಂಗೆ ಮಾತು ಬರಲ್ಲ ಕಣೇ.”

ನನಗೆ ನಗು ತಡೆಯಲಾಗಲಿಲ್ಲ. “ನಿಂಗೆ ಮಾತು ಬರಲ್ವಾ? ಹೋದ್ ವರ್ಷ ಗೂಡಿನ ಮಾರ್ಕೆಟ್ಟಲ್ಲಿ ಗೂಡು ಕೊಳ್ಳೋಕೆ ಬಂದ ಆ ರೀಲರ್ ಕೈಲಿ ತೆಲುಗು, ಕನ್ನಡ, ಉರ್ದು ಮೂರರಲ್ಲೂ ಜಗಳ ಆಡಿದ್ದು ಯಾರು?”

ಭಾವ ಒಳಗಿನಿಂದಲೇ ಕೂಗಿದರು. “ಜಗಳ ಬೇರೆ, ಮೈಕ್ ಬೇರೆ. ಮಾತಾಡಿದ್ರೆ ಗಾಳಿ ನಿಲ್ಲುತ್ತಾ?”

“ಗಾಳಿ ನಿಲ್ಲಲ್ಲ ಭಾವ, ಆದ್ರೆ ಮನುಷ್ಯರು ನಿಂತು ಕೇಳ್ತಾರೆ,” ಅಂದಳು ವಾಣಿಶ್ರೀ. “ಅಕ್ಕಾ, ಒಂದು ಹೇಳು. ಸಭೆ ಮುಗಿದ್ಮೇಲೆ ಜನ ಏನು ಮಾಡ್ಬೇಕು? ಒಂದೇ ಒಂದು ಹೇಳು.”

ಅಕ್ಕ ಪರಿಹಾರ ಅಂದಳು, ಕಾನೂನು ಅಂದಳು, ಆಂಜಿನಪ್ಪನಿಗೆ ಬುದ್ಧಿ ಬರಬೇಕು ಅಂದಳು. ವಾಣಿಶ್ರೀ ಒಂದಕ್ಕೂ ತಲೆಯಾಡಿಸಲಿಲ್ಲ. ಸುಮಾರು ಹೊತ್ತಿನ ಮೇಲೆ ಅಕ್ಕ ಮೆಲ್ಲಗೆ, “ಔಷಧಿ ಹೊಡೆಯೋ ಹಿಂದಿನ್ ಸಾಯಂಕಾಲ ಒಂದ್ ಮಾತು ಹೇಳಿದ್ರೆ ಸಾಕು ಕಣಮ್ಮ. ಸೊಪ್ಪು ಮುಂಚೇನೇ ಕೊಯ್ದು ಇಟ್ಕೋತೀನಿ. ಬದುವಿನ ಸಾಲು ಮುಟ್ಟಲ್ಲ” ಅಂದಳು.

“ಅಷ್ಟೇ! ಅದನ್ನ ಮೊದಲೂ ಹೇಳು, ಕೊನೇಲೂ ಹೇಳು. ಇನ್ನು ಕೇಳೋರು ಯಾರು?”

“ಅರ್ಧ ಊರು ಟೊಮ್ಯಾಟೊನೋರೇ.”

“ಅವ್ರನ್ನ ಬೈದ್ರೆ ಕಿವಿ ಮುಚ್ಕೋತಾರೆ. ಅವ್ರಿಗೂ ಬೆಳೆ ಉಳೀಬೇಕು, ನಿಂಗೂ ಉಳೀಬೇಕು. ಹಂಗೆ ಮಾತಾಡು. ಹೋದ್ ಬೆಳೇಲಿ ಹುಳ ಸಾಯ್ತಿದೆ ಅಂತ ನಿಂಗೆ ಹೆಂಗೆ ಗೊತ್ತಾಯ್ತು?”

ಅಕ್ಕ ಹುಳದ ಮನೆಯ ಕಡೆ ತಿರುಗಿ ನೋಡಿದಳು. “ಸದ್ದು ನಿಂತೋಯ್ತು. ಸೊಪ್ಪು ತಿನ್ನೋವಾಗ ಮನೆ ತುಂಬ ಮಳೆ ಬಂದಂಗೆ ಸದ್ದು ಇರುತ್ತಲ್ಲ, ಅದು ನಿಂತೋಯ್ತು. ನಾನು ಬಾಗ್ಲಲ್ಲೇ ಕೂತುಬಿಟ್ಟೆ.”

ಕೇಳಿ ನನ್ನ ಕಣ್ಣು ತುಂಬಿತು. ಮೇಷ್ಟ್ರ ನಾಲ್ಕು ಹಾಳೆಯಲ್ಲಿ ಈ ಮಾತೇ ಇರಲಿಲ್ಲ.

“ಇದನ್ನ ಹೇಳೋದಲ್ಲ ಅಕ್ಕಾ, ಕೇಳಿಸ್ಬೇಕು,” ಅಂದಳು ವಾಣಿಶ್ರೀ. “ಸಭೆಗೆ ಒಂದು ಮೊರದಲ್ಲಿ ಹುಳ ತಗೊಂಡು ಬಾ.”

ಭಾವ ಎದ್ದು ಹೊರಗೇ ಬಂದರು. ನಮ್ಮ ಕಡೆ ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಹುಳವನ್ನು ನಾಲ್ಕು ಜನರಿಗೆ ತೋರಿಸುವುದೂ ಇಲ್ಲ. “ಹುಳಾನ ಸಭೇಲಿ ಇಡ್ತೀರಾ? ದೃಷ್ಟಿ ತಗಲುತ್ತೆ!”

ಅಕ್ಕ ಗಂಡನ ಕಡೆ ತಿರುಗಿದಳು. “ಮುಚ್ಚಿಟ್ರೂ ಎರಡ್ ಬೆಳೆ ಹೋಯ್ತಲ್ಲ, ಆಗ ಯಾವ ದೃಷ್ಟಿ ತಗಲಿತ್ತು? ಈ ಸಲ ತೋರ್ಸಿಯೇ ನೋಡೋಣ.”

“ತೋರ್ಸಿದ್ದನ್ನ ವಾಪಸ್ ಹುಳದ ಮನೆಗೆ ಸೇರಿಸ್ಬೇಡ, ಬೇರೆ ಇಡು. ರೋಗ ಅಂಟ್ಬಾರ್ದು,” ಅಂತ ವಾಣಿಶ್ರೀ ಎಚ್ಚರಿಸಿದಳು.

ಅವತ್ತಿನಿಂದ ದಿನಾ ಸಾಯಂಕಾಲ ಹಾಲು ಹಾಕಿದ ಮೇಲೆ ಡೇರಿ ಜಗಲಿಯ ಮೇಲೆ ಅಭ್ಯಾಸ. ಮೈಕಿನ ಬದಲು ಲಟ್ಟಣಿಗೆ. ನಾನು ಮೊಬೈಲಿನಲ್ಲಿ ಟೈಮು ಹಿಡಿಯುತ್ತಿದ್ದೆ. ಮೊದಲ ದಿನ ಹನ್ನೊಂದು ನಿಮಿಷ ಆಯಿತು, ಅದರಲ್ಲಿ ನಾಲ್ಕು ಬರೀ ನಮಸ್ಕಾರ!

“ಎಲ್ರಿಗೂ ಸೇರಿ ಒಂದೇ ನಮಸ್ಕಾರ ಸಾಕಕ್ಕಾ.”

“ಅಧ್ಯಕ್ಷರು ಮುನಿಸ್ಕೊಂಡ್ರೆ?”

“ಬೇಗ ಮುಗಿಸಿದ್ರೆ ಅವ್ರೇ ಮೊದಲು ಖುಷಿ ಪಡ್ತಾರೆ.”

ಬಾಯಿಪಾಠ ಮಾಡಿದರೆ ಒಂದು ಪದ ಮರೆತರೂ ಎಲ್ಲ ಮರೆಯುತ್ತದೆ. ಅದಕ್ಕೆ ವಾಣಿಶ್ರೀ ಒಂದು ಚೀಟಿಯಲ್ಲಿ ನಾಲ್ಕೇ ಪದ ಬರೆಸಿದಳು: ಸದ್ದು, ಸೊಪ್ಪು, ಹಿಂದಿನ ದಿನ, ಬೋರ್ಡು. ಬೋರ್ಡು ನನ್ನ ಐಡಿಯಾ, ಅದು ಏನಂತ ಸಭೆಯಲ್ಲಿ ಗೊತ್ತಾಗುತ್ತದೆ. ಭಾವ ಮೊದಲೆರಡು ದಿನ ದೂರ ನಿಂತು ಮೂಗು ಮುರಿದರು. ಮೂರನೇ ದಿನ ತಾವೇ ಟವೆಲು ಸುತ್ತಿಕೊಂಡು ಬಂದು ಆಂಜಿನಪ್ಪನ ಪಾತ್ರ ಹಾಕಿ ಕೂತರು. “ಏಮಮ್ಮಾ, ನನ್ ಟೊಮ್ಯಾಟೊಗೆ ಹುಳ ಬಿದ್ರೆ ನೀನ್ ಬಂದು ಹೆಕ್ತೀಯಾ?” ಅಂತ ಅಡ್ಡ ಪ್ರಶ್ನೆ ಹಾಕಿದ್ದೇ ಹಾಕಿದ್ದು. ಅಕ್ಕ ಒಂದು ದಿನ ತಡವರಿಸಿದಳು, ಒಂದು ದಿನ ಬೈದಳು. ಕೊನೆಗೆ ನಗುತ್ತಲೇ ಉತ್ತರ ಕೊಡುವುದನ್ನು ಕಲಿತಳು. ಹತ್ತನೇ ದಿನಕ್ಕೆ ನಾಲ್ಕೂವರೆ ನಿಮಿಷಕ್ಕೆ ಬಂತು.

ಸಭೆಯ ದಿನ ಅವಳ ಹೆಸರು ಕೂಗಿದರು. ಅಕ್ಕ ಬಟ್ಟೆ ಮುಚ್ಚಿದ ಎರಡು ಮೊರ ಮೇಜಿನ ಮೇಲಿಟ್ಟಳು, ಮೈಕು ಹಿಡಿದಳು. “ಎಲ್ರಿಗೂ ನಮಸ್ಕಾರ” ಅಂದಳು. ಅಷ್ಟೇ. ಮುಂದಕ್ಕೆ ಮಾತಿಲ್ಲ! ಬಾಯಿ ಒಣಗಿತ್ತು. ಆದರೆ ಅವಳು ಹೆದರಲಿಲ್ಲ. “ಒಂದ್ ನಿಮಿಷ ಇರ್ರಪ್ಪಾ” ಅಂದು ಒಂದು ಗುಟುಕು ನೀರು ಕುಡಿದು, ಚೀಟಿ ನೋಡಿದಳು. ಮೊದಲ ಮೊರದ ಬಟ್ಟೆ ತೆಗೆದು, ಮೈಕನ್ನು ಹುಳಗಳ ಹತ್ತಿರ ಹಿಡಿದಳು.

ಸರ ಸರ ಸರ ಅಂತ ಹುಳ ಸೊಪ್ಪು ತಿನ್ನುವ ಸದ್ದು ಶಾಮಿಯಾನದ ತುಂಬ ಕೇಳಿಸಿತು. ಮಕ್ಕಳು ಮುಂದೆ ಓಡಿಬಂದರು. ಚಿತ್ರಾನ್ನದ ಪಾತ್ರೆಯ ಹತ್ತಿರ ನಿಂತಿದ್ದವರೂ ತಿರುಗಿದರು.

“ಇದು ಹುಳ ಊಟ ಮಾಡೋ ಸದ್ದು. ಇದು ಕೇಳಿಸ್ತಿದ್ರೆ ನಮ್ಮನೇಲಿ ನಾವೂ ಊಟ ಮಾಡ್ತೀವಿ.”

ಎರಡನೇ ಮೊರದ ಬಟ್ಟೆ ತೆಗೆದಳು. ಅದರಲ್ಲಿ ಬರೀ ಸೊಪ್ಪಿತ್ತು. ಅಲ್ಲಿಗೂ ಮೈಕು ಹಿಡಿದಳು. ಏನೂ ಕೇಳಿಸಲಿಲ್ಲ.

“ಹೋದ್ ಬೆಳೇಲಿ ನಮ್ಮನೆ ಹಿಂಗಿತ್ತು.”

ಆಮೇಲೆ ಅವಳು ಚೀಟಿ ನೋಡಲೇ ಇಲ್ಲ, ಜನರ ಮುಖ ನೋಡಿಯೇ ಮಾತಾಡಿದಳು. ಯಾರ ಹೆಸರನ್ನೂ ಎತ್ತಲಿಲ್ಲ. ಟೊಮ್ಯಾಟೊನೋರ ಕಷ್ಟವನ್ನೂ ಹೇಳಿದಳು. “ಔಷಧಿ ಹೊಡೀಬೇಡಿ ಅನ್ನಲ್ಲ. ಹಿಂದಿನ್ ಸಾಯಂಕಾಲ ಹೇಳಿ, ಅಷ್ಟೇ. ಎಲ್ರೂ ಡೇರಿಗೆ ಬರ್ತೀರಲ್ಲ, ಅಲ್ಲಿರೋ ಬೋರ್ಡ್ ಮೇಲೆ ಹೆಸರು ಬರೀರಿ. ನಾನು ಸೊಪ್ಪು ಕೊಯ್ದು ಇಟ್ಕೋತೀನಿ.” ಅಷ್ಟು ಹೇಳಿ ನಿಲ್ಲಿಸಿದಳು. ನನ್ನ ಮೊಬೈಲಿನಲ್ಲಿ ಇನ್ನೂ ಇಪ್ಪತ್ತು ಸೆಕೆಂಡು ಬಾಕಿ!

ಮೊದಲು ಚಪ್ಪಾಳೆ ತಟ್ಟಿದವರು ಕೋದಂಡರಾಮಪ್ಪ ಮೇಷ್ಟ್ರು. ಆಂಜಿನಪ್ಪಣ್ಣ ಎದ್ದು ನಿಂತ. ಭಾವ ನನ್ನ ಕಡೆ ನೋಡಿ, ಬಂತು ಅಡ್ಡ ಪ್ರಶ್ನೆ ಅನ್ನುವ ಹಾಗೆ ಸನ್ನೆ ಮಾಡಿದರು.

“ಏನಮ್ಮಾ, ಇಷ್ಟೇನಾ ನೀನ್ ಕೇಳಿದ್ದು? ಹೋದ್ ಸಲಾನೇ ಹೇಳ್ಬಾರ್ದಿತ್ತಾ?”

“ಹೋದ್ ಸಲ ನಮಸ್ಕಾರದಲ್ಲೇ ಟೈಮ್ ಆಗೋಯ್ತಲ್ಲಣ್ಣ!”

ಸಭೆ ಗೊಳ್ಳೆಂದು ನಕ್ಕಿತು. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ನಕ್ಕರು.

ಮಾರನೇ ದಿನ ಸಾಯಂಕಾಲ ಹಾಲು ಹಾಕಿ ಆಂಜಿನಪ್ಪಣ್ಣ ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡ. “ನಾಳೆ ಬೆಳಿಗ್ಗೆ ಔಷಧಿ. ಆಂಜಿನಪ್ಪ” ಅಂತ ಬೋರ್ಡಿನ ಮೇಲೆ ದಪ್ಪಕ್ಕೆ ಬರೆದ. ಹಿಂದೆ ನಿಂತಿದ್ದ ಮುನಿಯಲ್ಲಮ್ಮಕ್ಕನ ಕಡೆ ತಿರುಗಿ, “ಓದ್ಕೊಂಡ್ಯಾ?” ಅಂದ. ಅಕ್ಕ ಕ್ಯಾನು ನನ್ನ ಕೈಗೆ ಕೊಟ್ಟು ಸೊಪ್ಪು ಕೊಯ್ಯಲು ಓಡಿದಳು. ಆ ಬೆಳೆ ಪೂರ್ತಿ ಗೂಡು ಕಟ್ಟಿತು. ಜೆಸಿಬಿ ಮಾತು ಭಾವನ ಬಾಯಲ್ಲಿ ಮತ್ತೆ ಬರಲಿಲ್ಲ. ಈಗ ಅವರಿಗೆ ಬೇರೆ ಚಿಂತೆ: ಮುಂದಿನ ಸಭೆಯಲ್ಲಿ ಬೀದಿ ದೀಪದ ವಿಷಯ ಅವರು ಮಾತಾಡಬೇಕಂತೆ. ದಿನಾ ಲಟ್ಟಣಿಗೆ ಹಿಡಿದು ಹಸುವಿನ ಮುಂದೆ ನಿಲ್ಲುತ್ತಾರೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಗ್ರಾಮಸಭೆ ಇದೆ, ಸಂಘದ ಸಭೆ ಇದೆ. ನಂಗೆ ಮಾತು ಬರಲ್ಲ ಅಂತ ಹಿಂದೆ ಕೂರಬೇಡಿ. ನಿಮಗೆ ಬೇಕಾದ ಒಂದೇ ವಿಷಯ ಗಟ್ಟಿ ಮಾಡಿಕೊಳ್ಳಿ. ಕೇಳುವವರ ಕಷ್ಟವನ್ನೂ ಯೋಚಿಸಿ. ತೋರಿಸುವಂಥದ್ದು ಇದ್ದರೆ ಕೈಯಲ್ಲಿ ಹಿಡಿದು ಹೋಗಿ. ಮನೆಯವರ ಮುಂದೆ ಜೋರಾಗಿ ನಾಲ್ಕು ಸಲ ಹೇಳಿ ನೋಡಿ, ಟೈಮು ಹಿಡಿಯಲು ಒಬ್ಬರನ್ನು ಕೂರಿಸಿ. ಮಾತು ಮರೆತರೆ ನೀರು ಕುಡಿಯಿರಿ, ಆಕಾಶವೇನೂ ಕಳಚಿ ಬೀಳುವುದಿಲ್ಲ.

ಹಾಂ, ನಮಸ್ಕಾರ ಮಾತ್ರ ಒಂದೇ!