ಹಿಂದಿನ ಗೋಡೆಯ ಟಿವಿ

ಶುಕ್ರವಾರ ಮಧ್ಯಾಹ್ನವಾಯಿತೆಂದರೆ ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳು ಒಟ್ಟಿಗೇ ಫೋಟೋಗ್ರಾಫರುಗಳಾಗಿಬಿಡುತ್ತಿದ್ದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ತೊಂಬತ್ತಾರು ಶಾಲೆಗಳಿಗೆ ಒಂದು ಸಂಸ್ಥೆ ದೊಡ್ಡ ದೊಡ್ಡ ಟಿವಿಗಳನ್ನು ಕೊಟ್ಟಿತ್ತು. ಕೊಟ್ಟ ಟಿವಿಯಲ್ಲಿ ಪಾಠ ನಡೆಯುತ್ತಿದೆ ಎಂಬುದಕ್ಕೆ ವಾರಕ್ಕೊಂದು ಫೋಟೋ ಕಳಿಸಬೇಕು. ಬಂದ ಫೋಟೋಗಳನ್ನು ನೋಡಿ 'ಉತ್ತಮ ಬಳಕೆ', 'ಬಳಕೆ ಇದೆ', 'ಬಳಕೆ ಇಲ್ಲ' ಎಂದು ಗುರುತು ಹಾಕುವುದು ಅತಿಯಾಳ ಕೆಲಸ. ಶಿರಾದವಳು. ಮೂರು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿ, ಈಗ ಮೇಷ್ಟ್ರುಗಳಿಗೆ ಆನ್‌ಲೈನ್ ಪಾಠ ಹುಡುಕುವುದು, ವಿಡಿಯೊ ತೋರಿಸುವುದು, ಫೋಟೋ ತಿದ್ದುವುದು ಇತ್ಯಾದಿ ಹೇಳಿಕೊಡುತ್ತಿದ್ದಳು. ಮಕ್ಕಳೇ ವಾಸಿ, ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎನ್ನುತ್ತಾರೆ ಎಂಬುದು ಅವಳ ಅನುಭವದ ಸಾರ.

ಫೋಟೋಗಳದೇ ಒಂದು ಲೋಕ. ಒಂದು ಶಾಲೆಯ ಟಿವಿಗೆ ಸೇವಂತಿಗೆ ಹಾರ ಬಿದ್ದಿತ್ತು, ಪ್ಲಗ್ ಮಾತ್ರ ಬಿದ್ದಿರಲಿಲ್ಲ. ಇನ್ನೊಂದರಲ್ಲಿ ಮಕ್ಕಳು ಕೈಕಟ್ಟಿ ಕೂತು ಆರಿದ ಪರದೆಯನ್ನು ಭಕ್ತಿಯಿಂದ ನೋಡುತ್ತಿದ್ದರು. ಕೊರಟಗೆರೆ ಕಡೆಯ ಒಂದು ಶಾಲೆಯಿಂದ ಏಳು ವಾರವೂ ಬಂದದ್ದು ಒಂದೇ ಫೋಟೋ. ಬೋರ್ಡಿನ ಮೇಲಿನ ತಾರೀಖು ವಾರವಾರ ಬದಲಾಗುತ್ತಿತ್ತು, ಮುಂದಿನ ಸಾಲಿನ ಹುಡುಗಿಯ ಆಕಳಿಕೆ ಬದಲಾಗುತ್ತಿರಲಿಲ್ಲ. ಅಲ್ಲಿನ ಯಾರೋ ಮೇಷ್ಟ್ರು ಅವಳ ಪಾಠಗಳಲ್ಲಿ ಫೋಟೋ ತಿದ್ದುವುದನ್ನು ಮಾತ್ರ ಮನಸ್ಸಿಟ್ಟು ಕಲಿತಿದ್ದರು.

ಐದು ವಾರ ಇಂಥವನ್ನೆಲ್ಲ ನೋಡಿ ಸಾಕಾಗಿಯೇ ಅತಿಯಾ ಒಂದು ನಿಯಮ ಬರೆದಿದ್ದಳು: ಫೋಟೋದಲ್ಲಿ ಟಿವಿ ಕಾಣಬೇಕು, ಮಕ್ಕಳು ಕಾಣಬೇಕು, ಮಕ್ಕಳ ಮುಖ ಪರದೆಯ ಕಡೆಗಿರಬೇಕು. ಮೂರು ವಾರ ಸಾಲಾಗಿ 'ಬಳಕೆ ಇಲ್ಲ' ಎಂದು ಬಿದ್ದರೆ ಟಿವಿ ಎತ್ತಿ ಬೇರೆ ಶಾಲೆಗೆ ಕೊಡುವುದು. ಇದು ಅವಳ ಮೇಲಿನವನಾದ ಕುಮಾರಸ್ವಾಮಿ ಸೇರಿಸಿದ ಬಾಲ.

ಎಲ್ಲಕ್ಕಿಂತ ಚೆನ್ನಾದ ಫೋಟೋ ಬರುತ್ತಿದ್ದದ್ದು ಪಾವಗಡದಾಚೆ, ಆಂಧ್ರದ ಗಡಿಗಂಟಿದ ಎರ್ರಗುಟ್ಟಪಲ್ಲಿಯಿಂದ. ಅದು ಮಂಜಮ್ಮ ಎಂಬ ಒಬ್ಬರೇ ಮೇಡಂ ಇರುವ ಶಾಲೆ. ಅಲ್ಲಿನ ಮಕ್ಕಳು ಬಾಯಿ ತೆರೆದು ಪರದೆ ನೋಡುತ್ತಿದ್ದರು. ಪರದೆಯಲ್ಲಿ ಯಾರದೋ ಲೆಕ್ಕದ ಪಾಠ, ಬೋರ್ಡು, ಅದರ ಕೆಳಗೆ ಒಂದಷ್ಟು ತಲೆಗಳ ಹಿಂಭಾಗ, ಒಂದು ಜಡೆಯಲ್ಲಿ ಕೆಂಪು ಟೇಪು. ತಲೆ ಅಡ್ಡ ಬರದಂತೆ ಕ್ಯಾಮೆರಾ ಹಿಡಿಯಲೂ ಬಾರದ ಇದು ಯಾವ ಚಾನೆಲ್ಲಪ್ಪ ಎಂದುಕೊಳ್ಳುತ್ತಲೇ ಅತಿಯಾ 'ಉತ್ತಮ ಬಳಕೆ' ಎಂದು ಗುರುತು ಹಾಕಿ, ಮಾದರಿಯೆಂದು ಮೇಷ್ಟ್ರುಗಳ ವಾಟ್ಸಪ್ ಗ್ರೂಪಿಗೂ ಕಳಿಸಿದ್ದಳು.

ಅವಳ ತಲೆ ಕೆಡಿಸಿದ್ದು ಮಿಡಿಗೇಶಿ ಹತ್ತಿರದ ಹುಣಸೇಕಟ್ಟೆ ಶಾಲೆಯ ಫೋಟೋ. ಅಲ್ಲಿ ಟಿವಿ ಇತ್ತು, ಮಕ್ಕಳೂ ಇದ್ದರು. ಆದರೆ ಮಕ್ಕಳೆಲ್ಲ ಟಿವಿಗೆ ಬೆನ್ನು ಹಾಕಿ ಕೂತಿದ್ದರು. ಬಾಗಿಲ ಬೆಳಕು ಬಿದ್ದು ಪರದೆ ಬರೀ ಬೆಳ್ಳಗೆ ಕಾಣುತ್ತಿತ್ತು. ನಿಯಮ ಬಂದ ಮೊದಲ ವಾರ 'ಬಳಕೆ ಇಲ್ಲ' ಎಂದಳು. ಎರಡನೆಯ ವಾರವೂ ಅದೇ ಬೆನ್ನು, ಅದೇ ಗುರುತು. ಆದರೆ ಆ ಮುಖಗಳನ್ನು ದೊಡ್ಡದು ಮಾಡಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಫೋಟೋಗೆ ಕೂತ ಮಕ್ಕಳ ಮುಖ ಅವಾಗಿರಲಿಲ್ಲ. ಹಿಂದೆ ಯಾರೋ ಹೆಜ್ಜೆ ಸಪ್ಪಳ ಮಾಡದೆ ಬರುತ್ತಿದ್ದಾರೆ, ತಿರುಗಬಾರದು, ಕೇಳಿಸಿಕೊಳ್ಳಬೇಕು ಎಂಬಂತೆ ಎಲ್ಲರ ಕಿವಿಯೂ ಹಿಂದಕ್ಕಿತ್ತು. ಇಪ್ಪತ್ತೆರಡು ಮಕ್ಕಳನ್ನು ಹಾಗೆ ಕೂರಿಸುವುದು ಯಾವ ತರಬೇತಿಯಲ್ಲೂ ಇರಲಿಲ್ಲ. ತರಬೇತಿ ಕೊಟ್ಟವಳಿಗೇ ಇದು ಗೊತ್ತಿತ್ತು.

ಮೂರನೆಯ ಶುಕ್ರವಾರ ಅವಳು ಫೋಟೋಗೆ ಕಾಯಲಿಲ್ಲ. ಮಧುಗಿರಿಯಲ್ಲಿ ಬಸ್ಸು ಹತ್ತಿದಳು.

ಹುಣಸೇಕಟ್ಟೆಯ ಲೆಕ್ಕದ ಮೇಷ್ಟ್ರು ಮರುಳಸಿದ್ದಯ್ಯ. ಬರುವ ವರ್ಷ ನಿವೃತ್ತಿ. ತರಬೇತಿಯ ಎರಡು ದಿನವೂ ಹಿಂದಿನ ಬೆಂಚಿನಲ್ಲಿ ಕೂತು, ಹಣೆಯ ವಿಭೂತಿ ಅಳಿಸದಂತೆ ತಲೆ ವಾಲಿಸಿ ನಿದ್ದೆ ಮಾಡಿದ್ದವರು. ಎರಡು ದಿನಕ್ಕೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಮ್ಮಾ, ವಿಡಿಯೊ ಕಾಲ್‌ನಾಗೆ ನಮ್ಮನ್ನ ಅವ್ರು ನೋಡೋದಿರ್ಲಿ, ಅವ್ರು ನಮ್ಗೆ ಕಾಣ್ತಾರಾ?" ಕಾಣುತ್ತಾರೆ ಎಂದಿದ್ದಳು. ಅವರು ಮತ್ತೆ ನಿದ್ದೆಗೆ ಹೋಗಿದ್ದರು.

ಈಗ ಅವರು ಎಚ್ಚರವಾಗಿದ್ದರು. ಶಾಲೆಯ ಜಗಲಿಗೆ ಕಾಲಿಡುವಷ್ಟರಲ್ಲೇ ದನಿ ಕೇಳಿಸಿತು.

"ನಾನೂರ ನಲವತ್ತಕ್ಕೆ ಶೇಕಡ ಇಪ್ಪತ್ತೈದು ಎಷ್ಟ್ಲಾ?"

ಮೂರು ಎಣಿಸುವಷ್ಟರಲ್ಲಿ ಕೋಣೆಯ ಹಿಂದಿನಿಂದ ಒಂದು ಚೂಪು ದನಿ: "ನೂರಹತ್ತು ಸಾರ್!"

"ಥತ್!" ಎಂದಳು ಮುಂದಿನ ಸಾಲಿನ ಒಬ್ಬ ಹುಡುಗಿ. "ನಾನೂ ಅದ್ನೇ ಏಳ್ತಿದ್ದೆ ಸಾರ್. ಬಾಯಿಗೆ ಬಂದಿತ್ತು."

"ಬಾಯಿಗ್ ಬಂದಿದ್ದು ಹಲ್ಲು ದಾಟ್ನಿಲ್ಲ ಕಣಮ್ಮ ಲೋಹಿತಾ. ಹೆಂಗೆ ಬರ್ಕಳಾನ, ಹಲ್ಲಿಗೆ ನಂಬರ್ ಹಾಕಾನಾ?"

ಕೋಣೆ ನಕ್ಕಿತು. ಹಿಂದಿನ ಗೋಡೆಯೂ ನಕ್ಕಿತು. ಅತಿಯಾ ಬಾಗಿಲಲ್ಲಿ ನಿಂತು ನೋಡಿದಳು. ಬೋರ್ಡಿನ ಮುಂದೆ ಮೇಷ್ಟ್ರು. ಅವರ ಎದುರು ಮಕ್ಕಳು. ಮಕ್ಕಳ ಬೆನ್ನ ಹಿಂದಿನ ಗೋಡೆಯಲ್ಲಿ, ಮೇಷ್ಟ್ರ ಕಣ್ಣಿಗೆ ನೇರವಾಗಿ ಟಿವಿ. ಟಿವಿಯಲ್ಲಿ ಇನ್ನೊಂದು ಕೋಣೆ, ಇನ್ನಷ್ಟು ಮಕ್ಕಳು, ಒಂದು ಪಕ್ಕದಲ್ಲಿ ಮಂಜಮ್ಮ ಮೇಡಂ. ಟಿವಿಯ ಕೆಳಗೆ ಮೊಳೆಗೆ ನೇತುಹಾಕಿದ ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ ಬೋರ್ಡಿಗೆ ಮುಖಮಾಡಿ ನಿಂತ ಮೇಷ್ಟ್ರ ಮೊಬೈಲು. ಲೋಹಿತಾಳ ಜಡೆಯಲ್ಲಿ ಕೆಂಪು ಟೇಪು.

ಅತಿಯಾ ಆ ಟೇಪನ್ನೇ ನೋಡುತ್ತ ನಿಂತಳು. ಯಾವ ಚಾನೆಲ್ಲಪ್ಪ ಎಂದುಕೊಂಡದ್ದು ಈ ಚಾನೆಲ್ಲು. ಒಂದೇ ಪಾಠ. ಪಾಠ ಕೇಳಿಸಿಕೊಂಡ ಕೋಣೆಗೆ ಅವಳು 'ಉತ್ತಮ' ಕೊಟ್ಟಿದ್ದಳು, ಪಾಠ ಮಾಡಿದ ಕೋಣೆಗೆ 'ಇಲ್ಲ' ಕೊಟ್ಟಿದ್ದಳು.

"ಬನ್ನಿ ಮೇಡಂ," ಎಂದರು ಮರುಳಸಿದ್ದಯ್ಯ, ಒಂದಿಷ್ಟೂ ಗಾಬರಿಯಾಗದೆ. "ಮಕ್ಳೇ, ಹತ್ತನೇ ಲೆಕ್ಕದವರ್ಗೂ ಮಾಡ್ಕಳಿ. ಮಂಜಮ್ಮಾ, ಅತ್ಲಾಗೆ ನೋಡ್ಕಳಮ್ಮ."

ಜಗಲಿಗೆ ಬಂದರು. ಬಿಸಿಯೂಟದ ದಾಸಮ್ಮ ಸ್ಟೀಲ್ ಲೋಟದಲ್ಲಿ ಟೀ ತಂದಿಟ್ಟಳು.

"ಇದನ್ನ ಯಾಕೆ ಹೇಳಲಿಲ್ಲ ಸಾರ್?"

"ಯಾರು ಕೇಳಿದ್ರಮ್ಮ? ನಿಮ್ ಆಪ್‌ನಾಗೆ ಹೌದು, ಇಲ್ಲ ಅಂತ ಎಲ್ಡೇ ಐತೆ. ಹೌದು ಒತ್ತಿದ್ದೀನಿ."

"ಮತ್ತೆ ಆ ಫೋಟೋ?"

"ಟಿವಿ ಇರ್ಬೇಕು ಅಂದ್ರಿ, ಐತೆ. ಮಕ್ಳು ಇರ್ಬೇಕು ಅಂದ್ರಿ, ಅವ್ರೆ. ನನ್ ಮೊಬೈಲು ಡಬ್ಬೀಲಿರ್ತದೆ, ದಾಸಮ್ಮನ ಮೊಬೈಲ್‌ನಾಗೆ ತೆಗಿಸ್ತೀನಿ. ಅವ್ಳು ಮುಖ ಬರದಂಗೆ ಫೋಟೋ ತೆಗೆದ್ರೆ ಅಪಶಕುನ ಅಂತಾಳೆ."

"ಊಂ ಮತ್ತೆ, ಬೆನ್ನು ತೆಗೆಯಕ್ಕೆ ನಾನೇನು ಎಕ್ಸ್‌ರೇ ಮಿಶಿನ್ನಾ?" ಎಂದಳು ದಾಸಮ್ಮ ಒಳಗಿಂದ.

"ನಾನು ಎರ್ರಗುಟ್ಟಪಲ್ಲಿ ಫೋಟೋನ ಗ್ರೂಪಿಗೆ ಹಾಕಿದಾಗಲಾದರೂ ಹೇಳಬಹುದಿತ್ತು."

"ನೋಡ್ದೆ. ನಮ್ ಹುಡ್ಗೀರ ಜಡೆ ಬಾಳ ಚೆಂದಾಗಿ ಬಂದಿತ್ತು."

ಅತಿಯಾ ಟೀ ಕುಡಿದು ನಗುವನ್ನು ಲೋಟದೊಳಗೇ ಮುಗಿಸಿದಳು. ಆಮೇಲೆ ವಿಷಯ ಹೇಳಿದಳು: ಇವತ್ತು ಐದು ಗಂಟೆಯೊಳಗೆ ಸರಿಯಾದ ಫೋಟೋ ಹೋಗದಿದ್ದರೆ ಮೂರನೆಯ 'ಇಲ್ಲ' ಬೀಳುತ್ತದೆ. ಸೋಮವಾರ ವ್ಯಾನು ಬಂದು ಟಿವಿ ಇಳಿಸಿಕೊಂಡು ಹೋಗುತ್ತದೆ.

ಮರುಳಸಿದ್ದಯ್ಯನವರ ಲೋಟ ಬಾಯಿಯ ಹತ್ತಿರವೇ ನಿಂತಿತು. "ಟಿವಿ ಹೋದ್ರೆ ಆ ಮಕ್ಳು ಹೋದಂಗೆ. ಅಲ್ಲಿ ಲೆಕ್ಕದ ಮೇಷ್ಟ್ರಿಲ್ಲದೆ ಒಂದೂವರೆ ವರ್ಷ ಆಯ್ತು. ಮುಖ ಕಾಣ್ದೆ ನಂಗೆ ಪಾಠ ಮಾಡಕ್ ಬರಲ್ಲ ತಾಯಿ. ಗೊತ್ತಾಯ್ತೋ ಇಲ್ವೋ ಅಂತ ಮುಖದಾಗೇ ಬರ್ದಿರ್ತದೆ. ಮೊಬೈಲ್‌ನಾಗೆ ಆ ಮುಖ ಕಡ್ಲೆಕಾಳಷ್ಟು ಕಾಣ್ತವೆ, ಓದೋದ್ ಹೆಂಗೆ?"

ಅತಿಯಾ ಕುಮಾರಸ್ವಾಮಿಗೆ ಫೋನು ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ಪೂರ್ತಿ ಕೇಳಿದ. ಕೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

"ಒಳ್ಳೇದೇ ಮೇಡಂ. ಆದ್ರೆ ಕತೆ ಬರೆಯೋಕೆ ಆಪ್‌ನಲ್ಲಿ ಜಾಗ ಇಲ್ವಲ್ಲ. ಮೂರನೇ ವಾರದ್ದು ನಾನೂ ಫೋಟೋ ನೋಡೇ ಒಪ್ಪಬೇಕು. ಮುಖ ಪರದೆ ಕಡೆ ಇರಬೇಕು ಅನ್ನೋ ನಿಯಮ ಯಾರು ಮಾಡಿದ್ದು?"

"ನಾನೇ."

"ಹಂಗಾದ್ರೆ ಒಂದು ಸಲ ತಿರುಗಿಸಿ, ಒಂದು ಫೋಟೋ ಹೊಡೆದು ಕಳಿಸಿ. ಮುಗೀತಲ್ಲ?"

ಅವಳಿಗೂ ಅದು ಸರಳವೆನಿಸಿ ಮೇಷ್ಟ್ರಿಗೆ ಹೇಳಿದಳು. ಆದರೆ ಅವರು ಅಡ್ಡಡ್ಡ ತಲೆಯಾಡಿಸಿದರು.

"ತಿರುಗ್ಸಿದ್ರೆ ಮುಗೀತು ಅಂತ ಅವ್ರು ಸರಿಯಾಗೇ ಹೇಳಿದ್ರು. ಹಿಂದಕ್ ತಿರುಗಿದೋರಿಗೆ ಆ ದಿನ ಉತ್ರ ಹೇಳೋ ಹಕ್ಕಿಲ್ಲ ಅಂತ ಮೊದ್ಲ ದಿನವೇ ಹೇಳ್ಬುಟ್ಟಿದ್ದೀನಿ. ಒಂದೂವರೆ ತಿಂಗ್ಳಿಂದ ಒಬ್ರೂ ತಿರುಗಿಲ್ಲ. ಆ ಚೂಪು ದನಿ ಐತಲ್ಲ, ಅದು ಖುಷ್ನುಮಾ ಅಂತ. ದಿನಾ ಅವ್ಳೇ ಮೊದ್ಲು. ನಮ್ ಲೋಹಿತಂಗೆ ಅವ್ಳು ಹೆಂಗವ್ಳೆ ಅಂತ ನೋಡೋ ಆಸೆ ಎಷ್ಟೈತೆ ಅಂದ್ರೆ, ಮಗ್ಗಿ ಇಪ್ಪತ್ತರಗಂಟ ಬಾಯಿಪಾಠ ಮಾಡ್ಬುಟ್ಟವ್ಳೆ. ಒಂದ್ಸಲ ಗೆದ್ದು ತಿರುಗ್ಬೇಕು ಅಂತ. ಮುಖ ನೋಡ್ಬುಟ್ರೆ ಅದು ಬರೀ ಟಿವಿ ಆಗೋಯ್ತದೆ ಕಣಮ್ಮ."

ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಮೇಷ್ಟ್ರು ಉಳಿದ ಟೀಯನ್ನು ಒಂದೇ ಗುಟುಕಿಗೆ ಕುಡಿದರು.

"ಆಸೆ ಬೇಕಾದ್ರೆ ಇನ್ನೊಂದು ಹುಟ್ಟಿಸ್ಬೌದು, ಟಿವಿ ಹುಟ್ಟಿಸಕ್ಕಾಗಲ್ಲ," ಎಂದು ಎದ್ದರು. "ಆದ್ರೂ ಪುಕ್ಸಟ್ಟೆ ತಿರುಗ್ಸಲ್ಲ."

ಒಳಗೆ ಬಂದು ಬೋರ್ಡಿನ ಮುಂದೆ ನಿಂತರು. "ಕೇಳ್ರಲಾ ಎಲ್ಡೂ ಕಡೆಯೋರೂ. ಕೊನೇ ಲೆಕ್ಕ. ಹುಣಸೇಕಟ್ಟೆಯೋರು ಮೊದ್ಲು ಹೇಳಿದ್ರೆ ಎಲ್ರೂ ಹಿಂದಕ್ಕೆ ತಿರುಗ್ಬೌದು."

ಬೆಂಚುಗಳು ಕಿರುಗುಟ್ಟಿದವು. ಲೋಹಿತಾ ಎರಡೂ ಕೈಯಲ್ಲಿ ಬೆಂಚಿನ ಅಂಚು ಹಿಡಿದಳು. ಬಾಗಿಲಲ್ಲಿ ನಿಂತ ಅತಿಯಾಳಿಗೆ ಟಿವಿಯ ಕಡೆಯೂ ಕಾಣುತ್ತಿತ್ತು. ಅಲ್ಲಿನ ಮಕ್ಕಳೆಲ್ಲ ಒಮ್ಮೆಗೇ ಮುಂದಿನ ಸಾಲಿನ ಒಬ್ಬ ಪುಟ್ಟ ಹುಡುಗಿಯ ಕಡೆ ತಿರುಗಿದರು. ಪಕ್ಕದವಳು ಅವಳ ಕಿವಿಯಲ್ಲಿ ತೆಲುಗಿನಲ್ಲಿ ಏನೋ ಪಿಸುಗುಟ್ಟಿದಳು.

ಮೇಷ್ಟ್ರಿಗೂ ಅದು ಕಂಡಿರಬೇಕು. ಒಂದು ಗಳಿಗೆ ತಡೆದು ಕೇಳಿದರು: "ಇನ್ನೂರಕ್ಕೆ ಶೇಕಡ ಹತ್ತು ಎಷ್ಟು?"

ಅದು ಲೆಕ್ಕವೇ ಅಲ್ಲ. ಹುಣಸೇಕಟ್ಟೆಯ ಮಕ್ಕಳು ಚೂಪು ದನಿಗಾಗಿ ಉಸಿರು ಬಿಗಿಹಿಡಿದರು, ಅಭ್ಯಾಸಬಲ. ದನಿ ಬರಲಿಲ್ಲ. ಟಿವಿಯಲ್ಲಿ ಪುಟ್ಟ ಹುಡುಗಿ ಎರಡೂ ಅಂಗೈಯನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಕಣ್ಣು ಮಾತ್ರ ಕುಣಿಯುತ್ತಿತ್ತು.

"ಇಪ್ಪತ್ತು," ಎಂದಳು ಲೋಹಿತಾ, ನಂಬಿಕೆಯಿಲ್ಲದೆ.

"ತಿರುಗಿ."

ಇಪ್ಪತ್ತೆರಡು ತಲೆ ಒಟ್ಟಿಗೆ ತಿರುಗಿದವು. ಒಂದು ಕ್ಷಣ ಎರಡು ಕೋಣೆಗಳೂ ಸುಮ್ಮನೆ ಒಂದನ್ನೊಂದು ನೋಡಿದವು. ಆಮೇಲೆ ಆ ಕಡೆಯಿಂದ ಗದ್ದಲವೆದ್ದಿತು. ಅವರಿಗೆ ಇವರ ಬೆನ್ನುಗಳು ಮಾತ್ರ ಪರಿಚಯ. "ಎರ್ರ ಟೇಪು, ಎರ್ರ ಟೇಪು! ಅದಿಗೋ ಆ ಅಕ್ಕ!" ಎಂದು ಲೋಹಿತಾಳ ಕೆಂಪು ಟೇಪಿನ ಕಡೆ ಬೊಟ್ಟು ಮಾಡುತ್ತ ಎದ್ದು ನಿಂತರು. "ಏಯ್ ಕೂರ್ಚೋಂಡಿರಾ!" ಎಂದು ಮಂಜಮ್ಮ ಮೇಡಂ ಗದರಿದರು, ಗದರುತ್ತ ತಾವೂ ಮುಂದೆ ಬಂದು ಇಣುಕಿದರು.

"ಖುಷ್ನುಮಾ ಯಾರು?" ಎಂದಳು ಲೋಹಿತಾ.

ಪುಟ್ಟ ಹುಡುಗಿ ಬಾಯಿಂದ ಕೈ ತೆಗೆದಳು. ಮುಂದಿನ ಎರಡು ಹಲ್ಲು ಇರಲಿಲ್ಲ.

"ನೀನಾ? ಎಷ್ಟ್ನೇ ಕ್ಲಾಸು?"

"ನಾಲ್ಕು ಅಕ್ಕಾ."

ಲೋಹಿತಾ ಏಳನೆಯ ತರಗತಿ. ಒಂದೂವರೆ ತಿಂಗಳಿಂದ ತನ್ನನ್ನು ಸೋಲಿಸಿದವಳಿಗೆ ಹಲ್ಲೂ ನೆಟ್ಟಗಿಲ್ಲ ಎಂಬುದು ಅವಳ ಮುಖದಲ್ಲಿ ನಿಧಾನವಾಗಿ ಇಳಿಯಿತು. "ಲೇ, ಬೇಕೂಂತ ಬುಟ್ಟುಕೊಟ್ಟೆ ಅಲ್ವೇನೇ?"

"ಔನು. ನಿಮ್ಮ ಮುಖ ನೋಡ್ಬೇಕಂತಿತ್ತು. ದಿನಾ ಜಡೆನೇ ನೋಡಿ ನೋಡಿ..." ಖುಷ್ನುಮಾ ಯೋಚಿಸಿದಳು. "ನೀವು ಬೇರೆ ಥರಾ ಇದ್ದೀರಿ ಅಂದ್ಕೊಂಡಿದ್ದೆ."

"ಯಾವ್ ಥರಾ?"

"ಗೊತ್ತಿಲ್ಲ. ಬೇರೆ ಥರಾ."

ಅತಿಯಾ ಬೋರ್ಡಿನ ಹತ್ತಿರ ಹೋಗಿ ಫೋಟೋ ಹೊಡೆದಳು. ಟಿವಿ ಕಾಣುತ್ತಿತ್ತು, ಮಕ್ಕಳು ಕಾಣುತ್ತಿದ್ದರು, ಎಲ್ಲರ ಮುಖವೂ ಪರದೆಯ ಕಡೆಗಿತ್ತು. ಅವಳು ಬರೆದ ನಿಯಮದಂತೆ ಯಾವ ದೋಷವೂ ಇಲ್ಲದ ಫೋಟೋ. ಆ ಹೊತ್ತಿಗೆ ಕೋಣೆಯಲ್ಲಿ ಪಾಠ ಮಾತ್ರ ನಿಂತುಹೋಗಿತ್ತು. ಕಳಿಸಿದಳು. ಎರಡು ನಿಮಿಷಕ್ಕೆ ಕುಮಾರಸ್ವಾಮಿಯ ಹೆಬ್ಬೆಟ್ಟು ಬಂತು, ಜೊತೆಗೆ ಒಂದು ಸಾಲು: 'ಉತ್ತಮ ಬಳಕೆ.'

"ಟಿವಿ ಉಳೀತು ಸಾರ್," ಎಂದಳು.

ಮರುಳಸಿದ್ದಯ್ಯ ಸೀಮೆಸುಣ್ಣ ತಿರುವುತ್ತ ಮಕ್ಕಳ ಬೆನ್ನುಗಳನ್ನು ನೋಡುತ್ತಿದ್ದರು. ಮೂವತ್ತೈದು ವರ್ಷದಲ್ಲಿ ಅವರು ಬೆನ್ನು ತೋರಿಸಿ ಬೋರ್ಡಿನ ಮೇಲೆ ಬರೆದದ್ದೇ ಹೊರತು, ತರಗತಿ ಅವರಿಗೆ ಬೆನ್ನು ತೋರಿಸಿದ್ದು ಇದೇ ಮೊದಲು. "ಉಳೀತು," ಎಂದರು. "ಇವ್ರು ಇನ್ನು ಇತ್ಲಾಗ್ ತಿರುಗ್ತಾರಾ ನೋಡಾನ."

ಯಾರೂ ತಿರುಗಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಕೈ ಬೀಸುವುದು, ಹೆಸರು ಕೇಳುವುದು, ನಿಮ್ಮೂರಲ್ಲಿ ಏನು ಊಟ ಎಂದು ವಿಚಾರಿಸುವುದು. ಮೇಷ್ಟ್ರು ಗದರಲಿಲ್ಲ.

ಮೊದಲು ತಿರುಗಿದ್ದು ಕೆಂಪು ಟೇಪು. ಲೋಹಿತಾ ಧಡ್ಡೆಂದು ಬೋರ್ಡಿಗೆ ಮುಖಮಾಡಿ ಕೂತಳು. ಕಿವಿ ಕೆಂಪಾಗಿತ್ತು.

"ಸಾರ್, ಇನ್ನೊಂದ್ ಲೆಕ್ಕ ಕೊಡಿ. ಕಷ್ಟದ್ದು. ಲೇ ನಾಲ್ಕ್ನೇ ಕ್ಲಾಸು, ಈ ಸಲ ಬುಟ್ಟುಕೊಟ್ರೆ ನೋಡು."

"ಕೊಡಲ್ಲ ಅಕ್ಕಾ!" ಎಂದಿತು ಹಿಂದಿನ ಗೋಡೆ.

ಒಬ್ಬೊಬ್ಬರಾಗಿ ಇಪ್ಪತ್ತೆರಡು ಮುಖಗಳೂ ಈ ಕಡೆ ತಿರುಗಿದವು. ಕಿವಿಗಳೆಲ್ಲ ಹಿಂದಕ್ಕೇ ಇದ್ದವು. ಮರುಳಸಿದ್ದಯ್ಯ ಅತಿಯಾಳ ಕಡೆ ನೋಡದೆಯೇ ಬೋರ್ಡು ಒರೆಸತೊಡಗಿದರು. ಆದರೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು.

ಸಂಜೆಯ ಬಸ್ಸಿನಲ್ಲಿ ಅವಳಿಗೆ ಕಿಟಕಿ ಸೀಟು ಸಿಕ್ಕಿತು. ಮೊಬೈಲಿನಲ್ಲಿ ತನ್ನ ನಿಯಮದ ಹಾಳೆ ತೆರೆದು 'ಮುಖ ಪರದೆಯ ಕಡೆಗಿರಬೇಕು' ಎಂಬ ಸಾಲನ್ನು ಅಳಿಸಿದಳು. ಆ ಜಾಗಕ್ಕೆ ಏನು ಬರೆಯಬೇಕೆಂದು ತೋಚದೆ ಹಾಗೇ ಬಿಟ್ಟು, ಉಳಿದ ಫೋಟೋಗಳನ್ನು ನೋಡತೊಡಗಿದಳು. ಕೊರಟಗೆರೆಯದು ಬಂದಿತ್ತು. ಎಂಟನೆಯ ವಾರ, ಅದೇ ಆಕಳಿಕೆ, ಹೊಸ ತಾರೀಖು. ಎಂದಿನಂತೆ 'ಇಲ್ಲ' ಎಂದು ಒತ್ತಲು ಹೋದ ಬೆರಳು ತಡೆಯಿತು. ತಾರೀಖನ್ನು ದೊಡ್ಡದು ಮಾಡಿ ನೋಡಿದಳು. ಸೀಮೆಸುಣ್ಣದ ಪುಡಿ ಉದುರಿದ್ದು ಕೂಡ ಬಿಡದೆ ತಿದ್ದಿದ್ದರು. ಇಷ್ಟು ನಾಜೂಕಾಗಿ ತಿದ್ದುವುದನ್ನು ಅವಳು ಕಲಿಸಿರಲಿಲ್ಲ. ಅವಳಿಗೇ ಬರುತ್ತಿರಲಿಲ್ಲ.

ಪಕ್ಕದಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದ ಕಂಡಕ್ಟರನ್ನು ಕೇಳಿದಳು: "ಅಣ್ಣಾ, ಸೋಮವಾರ ಬೆಳಿಗ್ಗೆ ಮಧುಗಿರಿಯಿಂದ ಕೊರಟಗೆರೆಗೆ ಮೊದಲನೇ ಬಸ್ಸು ಎಷ್ಟೊತ್ತಿಗೆ?"